ಬಿದಿರು ಕಲಿಸಿದ ಕೈ

ಬಸ್ಸಿನಲ್ಲಿ ನಿಂತವರು ಮೇಲಿನ ಕಂಬಿ ಹಿಡಿದುಕೊಂಡರೆ ನನ್ನ ಕಣ್ಣು ಅವರ ಮೊಣಕೈಗೆ ಹೋಗುತ್ತದೆ. ಮೊಣಕೈ ಮಡಿಚಿದೆಯೇ, ನೆಟ್ಟಗಿದೆಯೇ, ಎರಡು ಕೈಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡುತ್ತೇನೆ. ಡ್ರೈವರ್ ಬ್ರೇಕ್ ಒತ್ತಿದಾಗ ಯಾರು ಕಂಬಿಯನ್ನು ಜಗ್ಗುತ್ತಾರೆ, ಯಾರು ತೋಳನ್ನು ಹಾಗೇ ಚಾಚಿ ತಡೆದುಕೊಳ್ಳುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಾಗುತ್ತದೆ. ಜಗ್ಗುವವರೇ ಹೆಚ್ಚು. ಬೀಳುತ್ತೇವೆ ಎಂಬ ಭಯ ಬಂದಾಗ ಕೈ ತಾನು ಹಿಡಿದದ್ದನ್ನು ಮೈಗೆ ಎಳೆದುಕೊಳ್ಳುತ್ತದೆ. ಪೋಲ್ ವಾಲ್ಟ್‌ನಲ್ಲಿ, ಕೋಲು ಊರಿ ನೆಲ ಬಿಡುವ ಆ ಕ್ಷಣದಲ್ಲಿ, ಮಾಡಬಾರದ ಕೆಲಸ ಅದು.

ನನ್ನ ತಂಗಿ ಬೇಲೂರಿನ ಮೈದಾನದಲ್ಲಿ ಹಾಗೆ ಹಾರಲು ಹೋಗಿ ಬಿದ್ದು ಈಗ ಎರಡನೆಯ ವರ್ಷ. ಅಂದಿನಿಂದ ಅವಳ ಬಲಗೈ ಭುಜದ ಮಟ್ಟಕ್ಕೆ ಎದ್ದಿಲ್ಲ. ಬೆರಳುಗಳು ಆಡುತ್ತವೆ, ಮುಷ್ಟಿ ಕಟ್ಟುತ್ತವೆ, ಲೋಟವನ್ನು ಕೈಗಿಟ್ಟರೆ ಹಿಡಿದುಕೊಳ್ಳುತ್ತವೆ. ಆದರೆ ಆ ಲೋಟವನ್ನು ಬಾಯಿಯವರೆಗೆ ತರಲು ತೋಳು ಮಡಿಚುವುದಿಲ್ಲ. ಇದು ಏಳುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಮನೆ ಇಷ್ಟು ದಿನ ಬೆಳಿಗ್ಗೆ ಎದ್ದಿದೆ, ರಾತ್ರಿ ಮಲಗಿದೆ. ಅವಳು ಬಿದ್ದಾಗ ನಾನು ಅಲ್ಲೇ, ಫೋನ್ ಹಿಡಿದು ವಿಡಿಯೋ ಮಾಡುತ್ತ ನಿಂತಿದ್ದೆ. ಹತ್ತಿರದಿಂದ ನೋಡಿದವಳು ನಾನು. ಈಗಲೂ ನೋಡುತ್ತಲೇ ಇದ್ದೇನೆ.

ನಮ್ಮದು ಹಾರನಹಳ್ಳಿ ಕಡೆಯ ತೆಂಗಿನ ತೋಟದ ಮನೆ. ಮನೆಯಲ್ಲಿ ಅಪ್ಪ, ನಾನು, ತಂಗಿ. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಹೋದಳು. ನಾನು ಹಾಸನದಲ್ಲಿ ಭೌತಶಾಸ್ತ್ರ ಓದಿ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ತಂಗಿ ಅರಸೀಕೆರೆಯಲ್ಲೇ ಡಿಗ್ರಿ ಓದುತ್ತಿದ್ದಳು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ತೋಟದ ಕೆಲಸದಲ್ಲಿ ಹೆಣ್ಣು ಗಂಡೆಂಬ ಭೇದ ನಮಗೆ ಗೊತ್ತಿರಲಿಲ್ಲ. ತುದಿಗೆ ಕುಡುಗೋಲು ಕಟ್ಟಿದ ಉದ್ದ ಬಿದಿರಿನ ದೋಟಿಯಲ್ಲಿ ಕಾಯಿ ಕೀಳುವುದನ್ನು ಅವಳು ಲಂಗ ಹಾಕುವ ವಯಸ್ಸಿನಲ್ಲೇ ಕಲಿತಿದ್ದಳು. ನನಗೆ ಅದು ಬರಲೇ ಇಲ್ಲ. ನಾನು ಕೆಳಗೆ ಬಿದ್ದ ಕಾಯಿ ಆರಿಸುವವಳು.

ದೋಟಿ ಹಿಡಿಯುವುದಕ್ಕೆ ಒಂದು ರೀತಿ ಇದೆ. ಕುಡುಗೋಲು ಗೊನೆಯ ತೊಟ್ಟಿಗೆ ಸಿಕ್ಕ ಕೂಡಲೇ ಕೆಳಗಿನ ಕೈ ಸರ್ರನೆ ಮೇಲೆ ಜಾರಿ ಮೇಲಿನ ಕೈಯ ಪಕ್ಕಕ್ಕೆ ಸೇರಬೇಕು. ಎರಡೂ ಕೈ ಸೇರಿ, ಮೈಯ ಭಾರವನ್ನೆಲ್ಲ ಹಾಕಿ, ಒಂದೇ ಬಾರಿ ಕೆಳಕ್ಕೆ ಜಗ್ಗಬೇಕು. ತಡ ಮಾಡಿದರೆ ತೊಟ್ಟು ಅರ್ಧ ಕೊಯ್ದು ನಿಲ್ಲುತ್ತದೆ. ಅವಳ ಕೈಗೆ ಅದು ಎಷ್ಟು ಒಗ್ಗಿತ್ತೆಂದರೆ ಕತ್ತೆತ್ತಿ ಮಾತಾಡುತ್ತಲೇ ಕೀಳುತ್ತಿದ್ದಳು.

ಅವಳ ಈ ಕೈಗಳನ್ನು ಮೊದಲು ಗುರುತಿಸಿದವರು ಪಿ.ಟಿ. ಮೇಷ್ಟ್ರು. ನಿವೃತ್ತರಾದ ಮೇಲೂ ಅವರು ದಿನಾ ಸಂಜೆ ಅರಸೀಕೆರೆಯ ಮೈದಾನಕ್ಕೆ ಬಂದು ಯಾರು ಸಿಕ್ಕರೆ ಅವರಿಗೆ ಓಟ, ಜಿಗಿತ ಹೇಳಿಕೊಡುತ್ತಿದ್ದರು. ಮೈದಾನದ ಒಂದು ಮೂಲೆಯಲ್ಲಿ ಅವರದೇ ಒಂದು ಪೋಲ್ ವಾಲ್ಟ್ ಅಂಗಣವಿತ್ತು. ಸ್ಪಂಜಿನ ಹಾಸಿಗೆ ಇರಲಿಲ್ಲ. ನಾರಿನ ಮಿಲ್ಲಿನಿಂದ ತಂದ ತೆಂಗಿನ ನಾರನ್ನು ಗೋಣಿಚೀಲಗಳಿಗೆ ತುರುಕಿ, ಚೀಲಕ್ಕೆ ಚೀಲ ಹೊಲಿದು, ಎದೆಮಟ್ಟ ಪೇರಿಸಿದ್ದರು. ಹಾರುವ ಮೊದಲು ದೊಣ್ಣೆಯಲ್ಲಿ ಬಡಿದು ಅವನ್ನು ಉಬ್ಬಿಸಬೇಕಿತ್ತು. ಬಿದ್ದವರ ಮೈಯೆಲ್ಲ ನಾರು ಹತ್ತಿ ಕೆರೆತ. ಹುಬ್ಬಳ್ಳಿ ಕಡೆ ಹೋಗುವ ರೈಲು ಸಿಗ್ನಲ್ಲಿಗೆ ನಿಂತರೆ ಕಿಟಕಿಯಲ್ಲಿ ಕೂತವರು ನಮ್ಮನ್ನು ನೋಡಿ ನಗುತ್ತಿದ್ದರು. ಅಲ್ಲಿ ಪೋಲ್ ಎಂದರೆ ಬಲಿತ ಬಿದಿರ ಗಳ.

ಬಲಿತ ಬಿದಿರು ಅಷ್ಟಾಗಿ ಬಾಗುವುದಿಲ್ಲ. ಓಡಿ ಬಂದು ಅದನ್ನು ಚೀಲಗಳ ಮುಂದಿನ ಗುಂಡಿಗೆ ಊರಿದಾಗ ಕೆಳಗಿನ ಎಡಗೈ ಮೇಲೆ ಜಾರಿ ಬಲಗೈಯ ಜೊತೆ ಸೇರಬೇಕು, ಎರಡೂ ಕೂಡಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಹಳೆಯ ಕಾಲದಲ್ಲಿ ಎಲ್ಲರೂ ಹಾರುತ್ತಿದ್ದುದು ಹಾಗೆಯೇ ಎಂದು ಮೇಷ್ಟ್ರು ಹೇಳುತ್ತಿದ್ದರು. ತಂಗಿಗೆ ಅದನ್ನು ಕಲಿಸುವ ಅಗತ್ಯವೇ ಬೀಳಲಿಲ್ಲ. ಮೊದಲ ದಿನವೇ ಅವಳ ಎಡಗೈ ದೋಟಿಯ ಮೇಲೆ ಜಾರಿದಂತೆ ಜಾರಿ ಹೋಗಿ ಸೇರಿಕೊಂಡಿತು. ಅವಳು ಚೀಲದ ಮೇಲೆ ಬಿದ್ದು, ನಾರು ಉಗುಳುತ್ತ ಎದ್ದಾಗ ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಎಲ್ಲಿ ಕಲ್ತೆ ಅವ್ವಾ ಇದನ್ನ?"

"ತೋಟದಲ್ಲಿ ಸಾರ್."

"ಹಂಗಾರೆ ನಿಮ್ಮಪ್ಪಂಗೆ ಒಂದು ಕಪ್ ಕೊಡ್ಬೇಕು ಕಣೇ," ಎಂದು ನಕ್ಕರು.

ತಾಲ್ಲೂಕಿನಲ್ಲಿ, ಆಮೇಲೆ ಜಿಲ್ಲೆಯಲ್ಲಿ ಅವಳು ಗೆದ್ದಳು. ಹುಡುಗಿಯರಲ್ಲಿ ಹಾರುವವರೇ ಕಡಿಮೆ ಎಂಬುದು ನಿಜ. ಆದರೂ ಗೆದ್ದಳು. ಅದಕ್ಕಿಂತ ಮೇಲಕ್ಕೆ ಹೋಗಬೇಕಾದರೆ ಬಿದಿರು ಸಾಲದು ಎಂದು ಮೇಷ್ಟ್ರು ಎಲ್ಲೆಲ್ಲೋ ಓಡಾಡಿ ಬೆಂಗಳೂರಿನಿಂದ ಒಂದು ಫೈಬರ್ ಪೋಲ್ ತಂದರು. ಯಾರೋ ಬಳಸಿ ಬಿಟ್ಟದ್ದು, ಆದರೆ ಗಟ್ಟಿಯಾಗಿತ್ತು, ಅವಳ ತೂಕಕ್ಕೆ ಸರಿಯಾದದ್ದು. ಅದನ್ನು ನಾನೂ ಮುಟ್ಟಿ, ಬೆರಳಲ್ಲಿ ತಟ್ಟಿ ನೋಡಿದ್ದೆ. ಪೋಲ್‌ನಲ್ಲಿ ದೋಷವಿತ್ತೆಂದು ಯಾರೂ ಹೇಳಲಾರರು.

ಫೈಬರ್ ಪೋಲ್ ಬಾಗುತ್ತದೆ. ಓಡಿ ಬಂದ ವೇಗವೆಲ್ಲ ಆ ಬಾಗಿನೊಳಗೆ ಕೂಡಿಕೊಂಡು, ಮತ್ತೆ ನೆಟ್ಟಗಾಗುವಾಗ ಹಾರುವವಳನ್ನು ಮೇಲೆ ಎಸೆಯುತ್ತದೆ. ಅದು ಬಾಗುವುದಕ್ಕೆ ಕೈಗಳು ಎಡೆ ಕೊಡಬೇಕು. ಬಲಗೈ ತಲೆಯ ಮೇಲೆ ಪೂರ್ತಿ ನೆಟ್ಟಗೆ, ಕಾಲು ನೆಲ ಬಿಡುವ ಜಾಗಕ್ಕೆ ನೇರ ಮೇಲೆ. ಎಡಗೈ ಹಿಡಿದ ಜಾಗ ಬಿಟ್ಟು ಕದಲಬಾರದು. ಅದು ಪೋಲನ್ನು ಮೇಲಕ್ಕೂ ಮುಂದಕ್ಕೂ ಒತ್ತುತ್ತ ಮೈಗೂ ಪೋಲ್‌ಗೂ ನಡುವೆ ಜಾಗ ಕಾಯಬೇಕು. ಎಳೆಯುವುದು ಆಮೇಲೆ, ಕಾಲು ಮೇಲಾಗಿ ತಲೆ ಕೆಳಗಾದ ಮೇಲೆ. ಮೊದಲೇ ಎಳೆದರೆ ಮೈ ಪೋಲ್‌ಗೆ ಅಂಟಿಕೊಳ್ಳುತ್ತದೆ, ಪೋಲ್ ನಡುದಾರಿಯಲ್ಲಿ ನಿಂತುಬಿಡುತ್ತದೆ, ಹಾಸಿಗೆಯ ಕಡೆ ಎಸೆಯುವ ಬದಲು ಬಂದ ದಾರಿಗೇ ತಳ್ಳುತ್ತದೆ.

ಅಂದರೆ ಅವಳ ಕೈಗಳಿಗೆ ಬಾಲ್ಯದಿಂದ ಗೊತ್ತಿದ್ದದ್ದೆಲ್ಲ ತಪ್ಪಾಗಿಹೋಯಿತು.

"ಏನವ್ವಾ, ಕಾಯಿ ಕೀಳೋಕೆ ಬಂದಿದ್ದೀಯಾ? ದೋಟಿ ಅಲ್ಲ ಕಣೇ ಇದು!" ಎಂದು ಮೇಷ್ಟ್ರು ಮೈದಾನದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದರು.

"ಸಾರ್, ಕೈ ತಾನಾಗೇ ಹೋಯ್ತದೆ."

"ತಾನಾಗೇ ಹೋಗಕ್ಕೆ ಅದೇನು ನಿಮ್ಮನೆ ಎಮ್ಮೆನಾ, ಸಂಜೆ ಆಯ್ತು ಅಂತ ಕೊಟ್ಟಿಗೆಗೆ? ಹಿಡಿದ ಜಾಗದಾಗೇ ಇರ್ಲಿ. ಇನ್ನೊಂದ್ಸಲ ಬಾ."

ಅವರು ಹೇಳಿಕೊಟ್ಟ ಮೂರು ಮಾತು ನಮ್ಮ ಮನೆಯಲ್ಲಿ ದಿನವಿಡೀ ಕೇಳಿಸುತ್ತಿತ್ತು. ಸೊಂಟ, ಕಿವಿ, ಆಕಾಶ. ಕೊನೆಯ ಹೆಜ್ಜೆಗಳಲ್ಲಿ ಬಲಗೈ ಸೊಂಟದಿಂದ ಕಿವಿಯ ಪಕ್ಕಕ್ಕೆ, ಅಲ್ಲಿಂದ ಆಕಾಶಕ್ಕೆ. ಅವಳು ಪೊರಕೆ ಹಿಡಿದು ಹಜಾರದಲ್ಲಿ ಅದನ್ನೇ ಮಾಡುತ್ತಿದ್ದಳು. ಅಪ್ಪ ಕಂಬಕ್ಕೊರಗಿ ಕೂತು, "ಲೇ, ಕಸ ಗುಡಿಸ್ತೀಯೋ, ಸೂರು ಹಾರಿಸ್ತೀಯೋ? ಹೆಂಚು ಒಡೆದ್ರೆ ನಿಮ್ಮ ಮೇಷ್ಟ್ರನ್ನೇ ಕರೀರಿ," ಎನ್ನುತ್ತಿದ್ದ. ಕೊಟ್ಟಿಗೆಯ ತೊಲೆಗೆ ಕೈಗಳನ್ನು ಅಗಲವಾಗಿ ಹಿಡಿದು ನೇತಾಡುತ್ತಿದ್ದಳು. ನಾನು ಕೆಳಗೆ ನಿಂತು ಮೊಣಕೈ ಮಡಿಚಿದರೆ ಹೇಳಬೇಕು. ಎಡಗೈ ಜಾರದಿರಲೆಂದು ಮೇಷ್ಟ್ರು ಪೋಲ್‌ಗೆ ಬಟ್ಟೆ ಸುತ್ತಿ ಗುರುತು ಮಾಡಿಕೊಟ್ಟಿದ್ದರು. ಇನ್ನೊಂದು ಕಟ್ಟುಪಾಡನ್ನೂ ಹಾಕಿದ್ದರು. ಫೈಬರ್ ಕೈಗೆ ಹತ್ತುವವರೆಗೆ ದೋಟಿ ಮುಟ್ಟಕೂಡದು.

ಅಪ್ಪ ಒಪ್ಪಿಕೊಂಡ. ಕಾಯಿ ಕೀಳಲು ಆಳು ಕರೆದ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಒಂದು ಸಂಜೆ ಪೋಲ್ ಮೊದಲ ಬಾರಿಗೆ ಬಿಲ್ಲಿನಂತೆ ಬಾಗಿ, ಅವಳನ್ನು ಎತ್ತಿ, ನಾರಿನ ಚೀಲದ ಆಚೆ ತುದಿಗೆ ಹಾಕಿತು. ಅವಳು ಎದ್ದವಳೇ ಎರಡೂ ಕೈ ಮೇಲೆತ್ತಿ ಓಡಿಬಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಂಜೆಯ ವಿಡಿಯೋ ಕೂಡ ನನ್ನ ಹತ್ತಿರ ಇದೆ. ಅದನ್ನು ನೋಡಲು ನನಗೆ ಈಗ ಆಗುವುದಿಲ್ಲ. ಬಿದ್ದದ್ದನ್ನು ನೋಡಬಲ್ಲೆ, ಅದನ್ನು ನೋಡಲಾರೆ.

ಬೇಲೂರಿನಲ್ಲಿ ಕಾಲೇಜುಗಳ ಕ್ರೀಡಾಕೂಟವಿತ್ತು. ಪೋಲನ್ನು ಖಾಸಗಿ ಬಸ್ಸಿನ ಮೇಲೆ ಹಾಕಿ ಉದ್ದಕ್ಕೂ ಕಟ್ಟಿದೆವು. ಅಲ್ಲಿ ಉದ್ದಕ್ಕೆ ಮಲಗಿದ್ದ ಅದನ್ನು ಕಂಡು ಕಂಡಕ್ಟರ್ ತಲೆ ಕೆರೆದುಕೊಂಡ.

"ಏನ್ರೀ ಮೇಷ್ಟ್ರೇ ಇದು, ಟೀವಿ ಕಂಬವಾ?"

"ಹಾರೋ ಕೋಲು ಕಣಯ್ಯಾ."

"ಹಾರೋ ಹಂಗಿದ್ರೆ ಟಿಕೆಟ್ ಯಾಕ್ರೀ, ಇಲ್ಲಿಂದ್ಲೇ ಹಾರ್ಕೊಂಡು ಹೋಗ್ಬೋದಿತ್ತಲ್ಲ!"

ಬಸ್ಸಿಡೀ ನಕ್ಕಿತು. ಹಳೇಬೀಡಿನಲ್ಲಿ ಬಸ್ ನಿಂತಾಗ ದೇವಸ್ಥಾನ ನೋಡಲು ಬಂದಿದ್ದ ಯಾರೋ ಪ್ರವಾಸಿಗಳು ಬಸ್ಸಿನ ಮೇಲಿದ್ದ ಪೋಲ್‌ನ ಫೋಟೋ ತೆಗೆದರು. ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಇವತ್ತು ದೇವಸ್ಥಾನಕ್ಕಿಂತ ನಮ್ದೇ ಜಾಸ್ತಿ ಕಣೇ," ಎಂದಳು. ಅವಳು ಬಲಗೈ ಬೀಸಿ ಅವರಿಗೆ ಟಾಟಾ ಮಾಡಿದಳು. ಇದನ್ನೆಲ್ಲ ನಾನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನೆನಪು ಬೀಳುವಿಕೆಯಿಂದ ಶುರುವಾಗುವುದಿಲ್ಲ, ಆ ಬಸ್ಸಿನಿಂದಲೇ ಶುರುವಾಗುತ್ತದೆ. ಪ್ರತಿ ಸಲವೂ ಹಳೇಬೀಡಿನಲ್ಲೇ ಇಳಿದುಬಿಡೋಣ ಎನ್ನಿಸುತ್ತದೆ.

ಬೆಳಿಗ್ಗೆ ಸಣ್ಣ ಮಳೆ ಬಂದು ನಿಂತಿತ್ತು. ಓಟದ ದಾರಿ ಒದ್ದೆಯಾಗಿತ್ತು, ಆದರೆ ಕೆಸರಿರಲಿಲ್ಲ. ಬೀಳಲು ಒಳ್ಳೆಯ ಸ್ಪಂಜಿನ ಹಾಸಿಗೆ ಹಾಕಿದ್ದರು. ಪೋಲ್ ಊರುವ ಗುಂಡಿಗೆ ತಗಡಿನ ಪೆಟ್ಟಿಗೆ, ಅದರ ಸುತ್ತ ಸಿಮೆಂಟು. ಎಲ್ಲ ಕಡೆ ಇರುವುದು ಹೀಗೇ. ಬೇಲಿಯ ಪಕ್ಕ ನಿಂತ ಹುಡುಗರು, "ಲೋ, ಬೊಂಬು ಹಿಡ್ಕೊಂಡು ಬತ್ತಾವಳೆ, ತಲೆ ತಗ್ಗಿಸ್ರೋ," ಎಂದು ಕೂಗುತ್ತಿದ್ದರು. ಅವಳು ಅವರ ಕಡೆ ನಾಲಿಗೆ ಚಾಚಿದಳು. ಮೊದಲ ಎತ್ತರ ದಾಟಿದಳು, ಎರಡನೆಯದನ್ನೂ ದಾಟಿದಳು. ಹುಡುಗರು ಚಪ್ಪಾಳೆ ತಟ್ಟಿದರು. ಹಾರಿ ದಾಟಬೇಕಾದ ಅಡ್ಡ ಬಾರನ್ನು ಇನ್ನೂ ಮೇಲೆ ಇಟ್ಟರು.

ಓಡಲು ಶುರುಮಾಡಿದಾಗ ಗಾಳಿ ಹಿಂದಿನಿಂದ ಬೀಸಿತು. ಹಿಂದಿನ ಗಾಳಿ ಹಾರುವವರಿಗೆ ಒಳ್ಳೆಯದು, ಆದರೆ ಹೆಜ್ಜೆ ಉದ್ದವಾಗುತ್ತದೆ. ಹೆಜ್ಜೆ ಉದ್ದವಾದದ್ದರಿಂದ ಕೊನೆಯ ಹೆಜ್ಜೆ ಇಡಬೇಕಾದ ಜಾಗಕ್ಕಿಂತ ಮುಂದೆ, ಗುಂಡಿಯ ಹತ್ತಿರ ಬಿತ್ತು. ಸೊಂಟ, ಕಿವಿ. ಆಕಾಶಕ್ಕೆ ಹೋಗುವ ಮೊದಲೇ ಪೋಲ್ ಪೆಟ್ಟಿಗೆಗೆ ಬಡಿಯಿತು. ಬಲಗೈ ನೆಟ್ಟಗಾಗಿರಲಿಲ್ಲ. ಮೈಗೆ ಒಂದು ಜಗ್ಗು ಬಿತ್ತು. ಆ ಜಗ್ಗಿನಲ್ಲಿ ಅವಳಿಗೆ ಭಯವಾಯಿತು. ಭಯವಾದದ್ದೇ ತಡ, ಎಡಗೈ ಬಟ್ಟೆಯ ಗುರುತು ಬಿಟ್ಟು, ಒಂದು ವರ್ಷದ ಪಾಠವನ್ನೆಲ್ಲ ಬಿಟ್ಟು, ಸರ್ರನೆ ಮೇಲೆ ಜಾರಿ ಬಲಗೈಯ ಪಕ್ಕ ಸೇರಿಕೊಂಡಿತು. ಎರಡೂ ಕೈ ಕೂಡಿ ಜಗ್ಗಿದವು. ಮರದ ಗೊನೆಗಾದರೆ ಆ ಜಗ್ಗು ಸರಿಯಾಗಿತ್ತು.

ಪೋಲ್ ಅರ್ಧ ಬಾಗಿ, ನಿಂತು, ಹಿಂದಕ್ಕೆ ನೆಟ್ಟಗಾಯಿತು. ಅವಳು ಹಾಸಿಗೆಗೂ ನನಗೂ ನಡುವೆ, ಬೆನ್ನು ಕೆಳಗಾಗಿ, ಕ್ಷಣ ಹೊತ್ತು ಏನನ್ನೂ ಮುಟ್ಟದೆ ಇದ್ದಳು. ಆಮೇಲೆ ಬಲಭುಜ ಮತ್ತು ಕಿವಿಯ ಭಾಗ ಪೆಟ್ಟಿಗೆಯ ಅಂಚಿನ ಸಿಮೆಂಟಿಗೆ ಬಿತ್ತು. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಹೋದದ್ದನ್ನು ನಾನು ಕಂಡೆ. ಸದ್ದು ದೊಡ್ಡದೇನಲ್ಲ. ಪೋಲ್ ಆಮೇಲೆ ಬಿದ್ದ ಸದ್ದೇ ದೊಡ್ಡದು.

ಜನ ನುಗ್ಗಿದರು. ಯಾರೋ ನೀರು ತಂದರು, ಯಾರೋ ಅವಳ ಬೆನ್ನ ಕೆಳಗೆ ಕೈ ಹಾಕಿ ಕೂರಿಸಲು ಹೋದರು.

"ಮುಟ್ಟಬ್ಯಾಡ್ರೋ! ಯಾರೂ ಎತ್ತಬ್ಯಾಡ್ರಿ!" ಎಂದು ಅರಚುತ್ತ ಬಂದ ಮೇಷ್ಟ್ರು ಮಂಡಿಯೂರಿ ಅವಳ ತಲೆಯನ್ನು ಎರಡು ಅಂಗೈಗಳ ನಡುವೆ ಅಲುಗಾಡದಂತೆ ಹಿಡಿದರು. ಆಂಬುಲೆನ್ಸ್ ಬರುವವರೆಗೆ ಅವರು ಆ ಕೈ ತೆಗೆಯಲಿಲ್ಲ.

ನಾನು ಅವಳ ಮುಖದ ಹತ್ತಿರ ಕೂತೆ. ಅವಳಿಗೆ ಎಚ್ಚರವಿತ್ತು. ಕಣ್ಣು ಬಾರಿನ ಕಡೆಗಿತ್ತು.

"ಅಕ್ಕಾ, ನನ್ನ ಕೈ ಎಲ್ಲೈತೆ?"

ಅವಳ ಬಲಗೈ ಅವಳ ಪಕ್ಕದಲ್ಲೇ, ಅಂಗೈ ಮೇಲಾಗಿ, ಮಲಗಿತ್ತು. ನಾನು ಅದನ್ನು ಹಿಡಿದುಕೊಂಡೆ.

"ಹಿಡ್ಕೊಂಡಿದ್ದೀನಲ್ಲ."

"ಇಲ್ಲ ಕಣೇ. ಹಿಡ್ಕೋ."

ಹಾಸನದಲ್ಲಿ ಮೂಳೆ ಮುರಿದಿಲ್ಲ ಎಂದಾಗ ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲೇ ಕೈಮುಗಿದ. ಮೂಳೆ ಮುರಿದಿದ್ದರೆ ಕೂಡಿಕೊಳ್ಳುತ್ತಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲಿನಲ್ಲಿ ಮೇಲಿನವು ಬೇರಿನ ಹತ್ತಿರ ಹರಿದಿದ್ದವು. ಬೆರಳಿಗೆ ಹೋಗುವವು ಉಳಿದಿದ್ದವು. ಬೆಂಗಳೂರಿನಲ್ಲಿ ಅವಳ ಕಾಲಿನಿಂದ ನರ ತೆಗೆದು ಅಲ್ಲಿಗೆ ಹಾಕಿದರು. ಅದು ಬೆಳೆಯಬೇಕು, ಉಗುರು ಬೆಳೆಯುವಷ್ಟು ನಿಧಾನ, ಕಾಯಬೇಕು, ಅಲ್ಲಿಯವರೆಗೆ ಕೀಲುಗಳು ಬಿಗಿಯದಂತೆ ದಿನಾ ಕೈಯನ್ನು ಆಡಿಸುತ್ತಿರಬೇಕು ಎಂದರು. ಬೆಳೆದರೆ ಒಂದು ವರ್ಷ, ಒಂದೂವರೆ ವರ್ಷದೊಳಗೆ ತೋಳಿನಲ್ಲಿ ಸಣ್ಣ ಮಿಡಿತ ಕಾಣಬೇಕು. ಆಮೇಲೆ ಸ್ನಾಯುವೇ ಸೊರಗಿಹೋಗುತ್ತದೆ, ನರ ಬಂದರೂ ಉಪಯೋಗವಿಲ್ಲ.

ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗಲೇ ಅವಳು ವಿಡಿಯೋ ಕೇಳಿದಳು. ನಾನು ಇಲ್ಲ ಎಂದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ತೋರಿಸಿದೆ.

"ನಿಧಾನಕ್ಕೆ ಹಾಕು," ಎಂದಳು.

ನಿಧಾನಕ್ಕೆ ಹಾಕಿದೆ.

"ನಿಲ್ಲಿಸು. ನೋಡ್ದ್ಯಾ, ಜಾರಿಸ್ಬಿಟ್ಟೆ."

"ಅಲ್ಲಿ ಕೈ ಮಸುಕಾಗೈತೆ ಕಣೇ, ಸರಿಯಾಗಿ ಕಾಣಲ್ಲ."

"ನಂಗೆ ಕಾಣ್ತದೆ."

ಅವಳು ಮತ್ತೆಂದೂ ಅದನ್ನು ಕೇಳಲಿಲ್ಲ. ನೋಡುವ ಕೆಲಸ ನನಗೆ ಉಳಿಯಿತು. ವಿಡಿಯೋದಲ್ಲಿ ಅದೆಲ್ಲ ಒಂದು ಉಸಿರಿನಷ್ಟು ಹೊತ್ತು. ನನ್ನ ತಲೆಯಲ್ಲಿ ಮಾತ್ರ ಅದು ಇಡೀ ಪೀರಿಯಡ್ಡಿನಷ್ಟು ಉದ್ದ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಅವಳ ಎಡಗೈ ಜಾರುತ್ತದೆ. ನಾನು ಕೂಗಬಹುದಿತ್ತೇ ಎಂದು ಲೆಕ್ಕ ಹಾಕಿದ್ದೇನೆ. ಸದ್ದು ಅವಳನ್ನು ತಲುಪಿ, ಅವಳು ಕೇಳಿ, ಕೈ ನಿಲ್ಲಿಸುವಷ್ಟು ಹೊತ್ತು ಅಲ್ಲಿರಲಿಲ್ಲ. ನನ್ನದೇನೂ ತಪ್ಪಿಲ್ಲ, ಅದು ನನಗೆ ಗೊತ್ತು. ತಪ್ಪಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಉಳಿದವರು ತಪ್ಪಿಗಾಗಿ ಕಿತ್ತಾಡಿದರು. ಬೇಲೂರಿಗೆ ಹೋಗುವ ವಾರ ಕಾಯಿ ಕೀಳುವ ಆಳು ಬಂದಿರಲಿಲ್ಲ. ತೊಟ್ಟು ಒಣಗಿದ ಕಾಯಿ ದಾರಿಯ ಮೇಲೆ, ಹೋಗುವವರ ತಲೆಯ ಮೇಲೆ ಬೀಳುವಂತಿತ್ತು. ಯಾರೂ ಹೇಳದೆಯೇ ತಂಗಿ ಒಂದು ಬೆಳಿಗ್ಗೆ ದೋಟಿ ಹಿಡಿದು ಆ ನಾಲ್ಕಾರು ಮರದ ಕಾಯಿ ಇಳಿಸಿದ್ದಳು. ಅಪ್ಪನಿಗೆ ಅದೇ ಕಾರಣವೆಂದು ಖಾತ್ರಿಯಾಯಿತು. ದೋಟಿಯನ್ನು ತುಂಡು ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿದ. ಕಾಯಿ ಕೀಳುವವರು ಈಗ ತಮ್ಮದೇ ದೋಟಿ ತರುತ್ತಾರೆ. ಅವರು ಬಂದ ದಿನ ಅಪ್ಪ ತೋಟಕ್ಕೆ ಇಳಿಯುವುದಿಲ್ಲ.

ಮೇಷ್ಟ್ರು ಮನೆಗೆ ಬಂದಾಗ ಅಪ್ಪ ಇದನ್ನೇ ಹೇಳಿದ.

"ನನ್ನ ತೋಟ ತಿಂದ್ಬಿಡ್ತು ಮೇಷ್ಟ್ರೇ ನನ್ನ ಮಗೂನ."

"ದೋಟಿ ಅಲ್ಲ ಕಣಪ್ಪಾ," ಎಂದರು ಮೇಷ್ಟ್ರು. ಅವರು ಜಗಲಿಯ ತುದಿಯಲ್ಲಿ, ಒಳಗೆ ಬರಲು ಹಕ್ಕಿಲ್ಲದವರಂತೆ ಕೂತಿದ್ದರು. "ಬಿದಿರಲ್ಲಿ ಹಾರ್ಸಿದ್ದು ನಾನು. ಜಾರ್ಸು ಅಂದಿದ್ದೂ ನಾನೇ, ಶಭಾಷ್ ಅಂದಿದ್ದೂ ನಾನೇ. ಆಮೇಲೆ ಜಾರಿಸ್ಬ್ಯಾಡ ಅಂದ್ರೆ ಕೈಗೆ ಹೆಂಗೆ ತಿಳೀತದೆ?"

ನಾನು ಹಿಂದಿನಿಂದ ಬೀಸಿದ ಗಾಳಿಯ ವಿಷಯ, ಹೆಜ್ಜೆಯ ವಿಷಯ ಹೇಳಿದೆ. ಕಾಲು ಮುಂದೆ ಬಿದ್ದದ್ದೇ ಮೊದಲು, ಕೈ ಆಮೇಲೆ ಎಂದೆ. ಇಬ್ಬರೂ ನನ್ನ ಕಡೆ ನೋಡಿದರು, ಕೇಳಿಸಿಕೊಳ್ಳಲಿಲ್ಲ. ತಂಗಿ ಒಳಗಿನಿಂದ, "ನನ್ನ ಕೈ ನಾನೇ ಜಾರ್ಸಿದ್ದು. ನಿಮ್ಮಿಬ್ರಿಗೂ ಅದರಲ್ಲಿ ಪಾಲಿಲ್ಲ, ಕಾಫಿ ಕುಡೀರಿ," ಎಂದಳು. ಮೇಷ್ಟ್ರು ಕಾಫಿ ಮುಟ್ಟದೆ ಎದ್ದು ಹೋದರು. ಅವರು ಈಗ ಮೈದಾನಕ್ಕೆ ಬರುವುದಿಲ್ಲ. ನಾರಿನ ಚೀಲಗಳು ಒಂದು ಮಳೆಗಾಲ ನೆನೆದು ಕೊಳೆತವು. ಆಡಿನ ಮರಿಗಳು ಅದರ ಮೇಲೆ ಹತ್ತಿ ನಿಲ್ಲುತ್ತವೆ. ಉಳಿದ ಹುಡುಗಿಯರನ್ನು ಅವರವರ ಮನೆಯವರು ಬಿಡಿಸಿಕೊಂಡರು. ತಪ್ಪೆನ್ನಲಾರೆ.

ಎರಡು ವಾರದ ಹಿಂದೆ ನಾವಿಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆವು. ಅಪ್ಪನಿಗೆ ಬೆನ್ನುನೋವೆಂದು ಮನೆಯಲ್ಲೇ ಬಿಟ್ಟಿದ್ದೆವು. ಡಾಕ್ಟರು ಅವಳ ಭುಜಕ್ಕೆ, ತೋಳಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದರು. "ಎತ್ತಮ್ಮ," ಎಂದರು. ಅವಳ ಕುತ್ತಿಗೆಯ ನರ ಉಬ್ಬಿತು, ಹಲ್ಲು ಕಚ್ಚಿದಳು, ಹಣೆಯಲ್ಲಿ ಬೆವರು ಬಂತು. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಇನ್ನೊಂದು ಜಾಗಕ್ಕೆ ಚುಚ್ಚಿದರು. "ಎತ್ತಮ್ಮ." ಗೆರೆ ಹಾಗೇ ಇತ್ತು. ನನ್ನ ಬಲಗೈ ತಾನಾಗಿ ಬಿಗಿದುಕೊಂಡಿತ್ತು.

"ನೋಡಮ್ಮ," ಎಂದು ಡಾಕ್ಟರು ಸೂಜಿ ತೆಗೆಯುತ್ತ ಹೇಳಿದರು. "ಇನ್ನು ಕಾಯೋದರಲ್ಲಿ ಅರ್ಥ ಇಲ್ಲ. ಎಡಗೈಯಲ್ಲಿ ಬರೆಯೋದು ರೂಢಿ ಮಾಡ್ಕೋ. ನಿನಗಿನ್ನೂ ವಯಸ್ಸಿದೆ." ಅವರು ಕೆಟ್ಟವರಲ್ಲ. ಅವಳ ತೋಳನ್ನು ಅವರೇ ಎತ್ತಿ, ನಿಧಾನವಾಗಿ ಅವಳ ಮಡಿಲಲ್ಲಿ ಇಟ್ಟರು.

ಹಿಂತಿರುಗುವಾಗ ರೈಲು ತುಮಕೂರು ದಾಟಿತು. ಆಮೇಲೆ, "ಅಪ್ಪಂಗೆ ಹೇಳಬ್ಯಾಡ," ಎಂದಳು.

"ಎಷ್ಟು ದಿನ?"

"ಗೊತ್ತಿಲ್ಲ. ಈಗ ಬ್ಯಾಡ."

ಹಾಗಾಗಿ ಬೆಳಗಿನ ಕೆಲಸ ಮುಂದುವರಿಯಿತು. ಅವಳು ಹಜಾರದಲ್ಲಿ ಚಾಪೆಯ ಮೇಲೆ ಮಲಗುತ್ತಾಳೆ. ನಾನು ಅವಳ ಮಣಿಕಟ್ಟು ಮತ್ತು ಮೊಣಕೈ ಹಿಡಿದು ತೋಳನ್ನು ನಿಧಾನಕ್ಕೆ ತಲೆಯ ಮೇಲಕ್ಕೆ ಒಯ್ಯುತ್ತೇನೆ, ಮತ್ತೆ ಇಳಿಸುತ್ತೇನೆ. ಅವಳ ತೋಳು ತೆಳ್ಳಗಾಗಿದೆ, ಭುಜದ ದುಂಡು ಹೋಗಿ ಮೂಳೆಯ ಮೂಲೆ ಎದ್ದಿದೆ. ಅಪ್ಪ ದಿನಾ ಬಾಗಿಲಲ್ಲಿ ನಿಂತು ನೋಡುತ್ತಾನೆ. ತೋಳು ಮೇಲಕ್ಕೆ ಹೋಗುವುದನ್ನು ಕಂಡು, "ನೆನ್ನೆಗಿಂತ ವಾಸಿ ಅಲ್ವೇನವ್ವಾ?" ಎನ್ನುತ್ತಾನೆ. ಅವಳು "ಹೂಂ ಅಪ್ಪಾ" ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಲ್ಲಲಿಲ್ಲ. ಚಾಪೆಯ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ತೋಳು ಅರ್ಧ ಮೇಲೆ ಹೋಗಿತ್ತು.

"ಇದರಲ್ಲಿ ನಿಂದೆಷ್ಟು, ಅಕ್ಕಂದೆಷ್ಟು?" ಎಂದು ಕೇಳಿದ. ಸುಮ್ಮನೆ, ಕಾಯಿ ಲೆಕ್ಕ ಕೇಳುವವನ ಹಾಗೆ.

ಅವಳು ಸೂರು ನೋಡುತ್ತಿದ್ದಳು. ನನ್ನ ಕೈಯಲ್ಲಿ ಅವಳ ತೋಳಿನ ಪೂರ್ತಿ ಭಾರವಿತ್ತು.

"ಬಿಡಕ್ಕಾ," ಎಂದಳು.

ನಾನು ಬಿಡಲಿಲ್ಲ.

"ಅಕ್ಕಾ, ಬಿಡು ಅಂದ್ನಲ್ಲ."

ಬಿಟ್ಟೆ. ತೋಳು ಚಾಪೆಯ ಮೇಲೆ ಬಿತ್ತು. ಬೆರಳುಗಳು ಒಮ್ಮೆ ಮಡಿಚಿ ಬಿಚ್ಚಿಕೊಂಡವು.

"ಡಾಕ್ಟ್ರು ಹೇಳಿದ್ರು ಅಪ್ಪಾ. ಇದು ಏಳಲ್ಲ."

"ಹಂಗಂದ್ರೆ? ಈ ವರ್ಷವಾ?"

"ಇನ್ನು ಏಳಲ್ಲ."

ಅಪ್ಪ ನನ್ನ ಮುಖ ನೋಡಿದ. ಓದಿದವಳು ನಾನು, ಇನ್ನೇನಾದರೂ ಹೇಳುತ್ತೇನೆ ಎಂದು ಕಾದ. ನಾನು ಚಾಪೆಯಿಂದ ಹಿಂದಕ್ಕೆ ಸರಿದೆ. ಅವನು ಮುಂದೆ ಬಗ್ಗಿ, ನಾನು ಹಿಡಿಯುತ್ತಿದ್ದ ಹಾಗೆಯೇ ಅವಳ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಮೊಣಕೈ ಕೆಳಗಿಟ್ಟು, ಎತ್ತಲು ತೊಡಗಿದ. ಅವನಿಗೆ ಎಷ್ಟು ನಿಧಾನಕ್ಕೆ ಎತ್ತಬೇಕೆಂದು ಗೊತ್ತಿರಲಿಲ್ಲ. ಅವಳಿಗೆ ನೋವಾಯಿತು. ಆದರೂ ಅವಳು ಬೇಡ ಎನ್ನಲಿಲ್ಲ.